ಕರಕಿ ಕೇಳಿಸಿಕೊಳ್ಳುತ್ತದೆ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊಟ್ಟಮೊದಲು ಹೇಳಿದವಳು ಯಲ್ಲವ್ವ. ಶಿರೋಳದ ಯಲ್ಲವ್ವ, ಕರಕಿ ತೆಗೆಯುವ ಗುಂಪಿನ ಯಲ್ಲವ್ವ, ನನ್ನ ಹಡೆದವ್ವ. "ಆಗೂದಿಲ್ಲ ತಗೀ, ಈಕಿ ಕೈಲೆ ಆಗೂದಿಲ್ಲ" ಎಂದು ಕೈಯಲ್ಲಿದ್ದ ರೊಟ್ಟಿಯ ಹಿಟ್ಟನ್ನು ಕೊಣಮಿಗೆಯಲ್ಲಿ ಇನ್ನಷ್ಟು ಜೋರಾಗಿ ನಾದಿದಳು. ಆಮೇಲೆ ಆ ಮಾತನ್ನು ಹೇಳಿದವರು ಬಹಳ ಮಂದಿ. ಸೋದರತ್ತೆ ಹೇಳಿದಳು, ಓಣಿಯ ಹಿರಿಯರು ಹೇಳಿದರು, ಇಂಗ್ಲಿಷ್ ಪೇಪರಿನ ಹಿಂದಿನ ದಿನ ಕನ್ನಡಿಯೊಳಗಿನ ನನ್ನ ಮುಖವೂ ಹೇಳಿತು. ಆದರೆ ಮೊದಲ ಮಾನ ಅವ್ವನದೇ. ಅದನ್ನು ಬೇರೆಯವರಿಗೆ ಕೊಡಲು ನನಗೆ ಮನಸ್ಸಿಲ್ಲ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ನಾನು ಗಜೇಂದ್ರಗಡದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹೌದು, ನಾನೇ. ಇದನ್ನು ಬರೆಯುವಾಗ ಈಗಲೂ ಎದೆ ಒಂದು ಅಂಗುಲ ಉಬ್ಬುತ್ತದೆ, ಕ್ಷಮಿಸಿ. ಮೊನ್ನೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಮ್ಮರ, ರ‍್ಯಾಂಪಂಟ್ ಅಂದ್ರ ಏನ್ರಿ? ಇಂಗ್ಲಿಷ್ ಪೇಪರಿನ್ಯಾಗ ಯಾವಾಗ ನೋಡಿದ್ರೂ ಲಂಚದ ಸುದ್ದಿ ಜೋಡಿ ಬರತೈತ್ರಿ."

ನಾನು ಚಾಕ್ ಹಿಡಿದು ಹಲಗೆಯ ಕಡೆ ತಿರುಗಿದೆ. ತಿರುಗಿದವಳು ಬರೆಯದೆ ಹಾಗೇ ನಿಂತೆ. ಮಕ್ಕಳು ಮೇಡಮ್ಮನಿಗೆ ಅರ್ಥ ಬರುವುದಿಲ್ಲವೆಂದು ತಿಳಿದಿರಬೇಕು, ಒಬ್ಬಿಬ್ಬರು ಮುಸಿಮುಸಿ ನಕ್ಕರು. ಕೊನೆಗೆ "ಅಂಕೆಯಿಲ್ಲದೆ ಹಬ್ಬಿದ್ದು" ಎಂದು ಬರೆದೆ. ಪರೀಕ್ಷೆಗೆ ಅಷ್ಟು ಸಾಕು. ನಿಮಗೆ ಅಷ್ಟು ಹೇಳಿ ಕೈತೊಳೆದುಕೊಳ್ಳಲು ನನಗೆ ಆಗುವುದಿಲ್ಲ.

ಮೊದಲು ಕರಕಿಯ ಮಾತು. ನೀವು ಗರಿಕೆ ಎನ್ನುವುದನ್ನು ನಾವು ಕರಕಿ ಎನ್ನುತ್ತೇವೆ. ಗಣಪತಿಯ ನೆತ್ತಿಯ ಮೇಲೆ ಕೂತಾಗ ಅದರಷ್ಟು ಸಾಧು ಹುಲ್ಲು ಇನ್ನೊಂದಿಲ್ಲ. ಅದೇ ಕರಕಿ ನರಗುಂದದ ಕಡೆಯ ಎರೆಹೊಲಕ್ಕೆ ಇಳಿಯಿತೆಂದರೆ ಹೊಲದ ಕಥೆ ಮುಗಿಯಿತು. (ಅವ್ವ ಇದ್ದಿದ್ದರೆ ಈ 'ಮುಗಿಯಿತು' ಎಂಬ ಮಾತಿಗೇ ನನ್ನ ಬಾಯಿ ಮೇಲೆ ಬಡಿಯುತ್ತಿದ್ದಳು. ಯಾಕೆಂದು ಹೇಳುತ್ತೇನೆ.) ಮೇಲೆ ಕಾಣುವುದು ಬೊಗಸೆ ಹಸಿರು. ಕೆಳಗೆ ಆಳು ಸೊಂಟದ ತನಕ ಇಳಿದರೂ ಬೇರು ಸಿಗುತ್ತಲೇ ಇರುತ್ತದೆ. ನೇಗಿಲು ಹೊಡೆದರೆ ಇನ್ನೂ ಕೆಟ್ಟಿತು, ತುಂಡಾದ ಒಂದೊಂದು ಗೆಣ್ಣೂ ಬೇರೆ ಮನೆ ಹೂಡುತ್ತದೆ. ಜೋಳವಿರಲಿ, ಕಡಲೆಯಿರಲಿ, ಅದರ ಜೊತೆ ಬಾಳುವೆ ಮಾಡಲಾರದು.

ಇಂಥ ಹೊಲಗಳಿಗೆ ನಮ್ಮ ಮಂದಿಯನ್ನು ಕರೆಯುತ್ತಿದ್ದರು. ಸುಗ್ಗಿ ಮುಗಿದು ಭೂಮಿ ಬಾಯಿಬಿಟ್ಟ ಬೇಸಿಗೆಯಲ್ಲಿ ನಮ್ಮ ಗುಂಪು ಹೊರಡುತ್ತಿತ್ತು. ಗಂಡಸರು ಸಾಲಾಗಿ ನಿಂತು ಬಿರುಕಿಗೆ ಹಾರಿ ಹಾಕಿ ಮೀಟುತ್ತಿದ್ದರು. ಹಾರಿಯೆಂದರೆ ಮೊನೆಯುಳ್ಳ ಕಬ್ಬಿಣದ ಸಲಾಕೆ. ಒಲೆಯಷ್ಟು ದೊಡ್ಡ ಹೆಂಟೆಗಳು ಮಗುಚಿ ಬೀಳುತ್ತಿದ್ದವು. ಹೆಂಗಸರು ಆ ಹೆಂಟೆ ಒಡೆದು, ಮಣ್ಣು ಜಾಡಿಸಿ, ಬೇರನ್ನು ಬುಟ್ಟಿಗೆ ಹಾಕಿ, ಒಡ್ಡಿನ ಮೇಲೆ ಒಣಗಿಸಿ ಸುಡಬೇಕು. ಅಪ್ಪ ಫಕೀರಪ್ಪ ಹಾರಿಯ ಸಾಲಿನ ಮುಂದಿನವ. ಅವ್ವ ಬೇರು ಆರಿಸುವ ಸಾಲಿನ ಹಿಂದಿನವಳು. ಹಿಂದಿನವಳೆಂದರೆ ಕಡಿಮೆಯವಳಲ್ಲ. ಎಲ್ಲರ ಕಣ್ಣು ತಪ್ಪಿದ್ದು ಅವಳ ಕಣ್ಣಿಗೆ ಬೀಳಬೇಕು, ಅದಕ್ಕೇ ಅವಳನ್ನು ಹಿಂದೆ ಹಾಕಿದ್ದರು.

ಹೊಲ ಸ್ವಚ್ಛವಾದ ಮೇಲೆ ಮಾಲಕರಿಗೆ ಒಪ್ಪಿಸುವ ಒಂದು ಪದ್ಧತಿಯಿತ್ತು. ಸಾವಕಾರರು ಬಂದು ಒಡ್ಡಿನ ಮೇಲೆ ನಿಲ್ಲಬೇಕು. ಹಿಂದಿನ ಸಾಲಿನ ಹಿರಿಯ ಹೆಣ್ಣುಮಗಳು ಸೆರಗು ಬಿಗಿದು ಮುಂದೆ ಬಂದು, "ಆತ್ರಿ ಸಾವಕಾರ್ರ. ಎಲ್ಲಿ ಬೇಕಲ್ಲಿ ಅಗದು ನೋಡ್ರಿ" ಎನ್ನಬೇಕು. ಅವರು ತಮ್ಮ ಮನಸ್ಸಿಗೆ ಬಂದ ಕಡೆ ಬೊಟ್ಟು ಮಾಡುತ್ತಾರೆ, ಅಪ್ಪ ಅಲ್ಲಿ ಹಾರಿ ಹಾಕುತ್ತಾನೆ. ಒಂದು ಬೇರು ಎದ್ದುಬಂದರೂ ಆ ಪಟ್ಟಿ ಪೂರ್ತಿ ಮತ್ತೆ ಅಗೆಯಬೇಕು. ಏಳದಿದ್ದರೆ ಅಂದು ಸಾವಕಾರರ ಮನೆಯಲ್ಲಿ ಹೋಳಿಗೆ ಊಟ. ನನ್ನ ಬಾಲ್ಯದಲ್ಲಿ ಹೋಳಿಗೆಯೆಂದರೆ ಹಬ್ಬದ ತಿನಿಸಲ್ಲ, ಬೇರು ಸಿಗದ ಮಣ್ಣಿನ ರುಚಿ.

ಆ 'ಆತು' ಎಂಬ ಮಾತು ಅಲ್ಲಿಯ ತನಕ ಗುಂಪಿನ ಯಾರ ಬಾಯಲ್ಲೂ ಬರಕೂಡದು. 'ಮುಗೀತು' ಅನ್ನಕೂಡದು, 'ಇನ್ನ ಸ್ವಲ್ಪ ಉಳದೈತಿ' ಎಂದೂ ಅನ್ನಕೂಡದು. ಯಾರಾದರೂ ದಾರಿಹೋಕರು "ಎಷ್ಟಕ್ಕ ಬಂತ್ರಿ ಕೆಲಸ?" ಎಂದು ಕೇಳಿದರೆ, ಇನ್ನೊಂದು ಮೊಳ ಉಳಿದಿದ್ದರೂ, "ಎಲ್ಲೀದ್ರೀ, ಇದು ಆಗೂದಿಲ್ಲ ತಗೀರಿ" ಎನ್ನಬೇಕು. ಯಾಕೆಂದರೆ ಕರಕಿ ಕೇಳಿಸಿಕೊಳ್ಳುತ್ತದೆ. ಮೈಮರೆತಿದ್ದಾರೆಂದು ಗೊತ್ತಾದರೆ ಒಂದು ಗೆಣ್ಣು ಅಡಗಿಕೊಳ್ಳುತ್ತದೆ.

ನಗಬೇಡಿ. ಅವ್ವ ಹೊಸದಾಗಿ ಬಾಳ್ವೆಗೆ ಬಂದಾಗ ನಕ್ಕಿದ್ದಳಂತೆ. ಅವಳ ತವರಿನವರಿಗೆ ಈ ಕೆಲಸವಿರಲಿಲ್ಲ. ಕೊಣ್ಣೂರಿನ ಕಡೆಯ ಒಂದು ಹೊಲದಲ್ಲಿ ಕೊನೆಯ ಬುಟ್ಟಿ ಹೊತ್ತು ಒಡ್ಡಿಗೆ ಬಂದವಳೇ, ಹಸಿರು ಬಳೆಯ ಕೈ ಮೇಲೆತ್ತಿ, "ಮುಗೀತ್ರೆಪಾ!" ಎಂದು ಕೂಗಿದಳಂತೆ. ಸಾಲಿನವರೆಲ್ಲ ಕಲ್ಲಾದರು. ಮರುದಿನ ಸಾವಕಾರರು ಬೊಟ್ಟು ಮಾಡಿದ ಮೊದಲ ಜಾಗದಲ್ಲೇ, ಮಗುವಿನ ಕಿರುಬೆರಳಿನಂಥ ಬಿಳಿ ಬೇರೊಂದು ಎದ್ದು ಬಂತು. ಇಡೀ ಪಟ್ಟಿ ಮತ್ತೆ ಅಗೆದರು. ನನ್ನ ಅಜ್ಜಿ, ಅಂದರೆ ಅವ್ವನ ಅತ್ತೆ, ಆ ಕೆಲಸ ಮುಗಿಯುವ ತನಕ ಸೊಸೆಯನ್ನು ಮಾತಾಡಿಸಲಿಲ್ಲ. ರೊಟ್ಟಿ ಮಾತ್ರ ಎದುರಿಗೆ ತಳ್ಳಿದಳಂತೆ. ಅಂದಿನಿಂದ ಅವ್ವ ಆ ಪದ್ಧತಿಗೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಳೆಂದರೆ, ಹೊಲಕ್ಕಷ್ಟೇ ಅಲ್ಲ, ಒಲೆಯ ಮೇಲಿನ ಅನ್ನಕ್ಕೂ ಅದನ್ನೇ ಹಚ್ಚಿದಳು. "ಅವ್ವಾ, ಅನ್ನ ಆತೇನ?" ಎಂದರೆ, "ಎಲ್ಲೀದು ಇದು ಆಗೂದಿಲ್ಲ ತಗೀ" ಎನ್ನುತ್ತಲೇ ಗಂಗಾಳಕ್ಕೆ ಬಡಿಸುತ್ತಿದ್ದಳು.

ಇದು ಗೊತ್ತಿಲ್ಲದ ಹೆಡ್‌ಮಾಸ್ತರರು ಒಮ್ಮೆ ನಮ್ಮ ಮನೆಗೆ ಬಂದು ಸಿಕ್ಕಿಬಿದ್ದರು. ನಾನು ಪಿಯುಸಿ ಪಾಸಾಗಿದ್ದೆ. ಚಿಕ್ಕಂದಿನಲ್ಲಿ ತಮ್ಮ ಸಾಲೆಯಲ್ಲಿ ಕಲಿತ ಹುಡುಗಿಯೆಂಬ ಅಭಿಮಾನಕ್ಕೆ ಬಂದಿದ್ದರು.

"ಯಲ್ಲವ್ವ, ನರಗುಂದದ ಕಾಲೇಜಿಗೆ ಗಂಗಾನ್ನ ಹಚ್ಚರಿ. ಡಿಗ್ರಿ ಮಾಡ್ತಾಳ."

"ಆಗೂದಿಲ್ರಿ ಸರ. ಈಕಿ ಕೈಲೆ ಆಗೂದಿಲ್ಲ."

"ಹಂಗಂದ್ರ ಹ್ಯಾಂಗವಾ? ಶಾಣ್ಯಾ ಹುಡುಗಿ."

"ಶಾಣ್ಯಾ ಎಲ್ಲೀದ್ರಿ. ನಮ್ಮ ಮನಿತನದಾಗ ಯಾರ ಕೈಲೆ ಆಗೇತ್ರಿ? ಆಗೂದಿಲ್ಲ ಬಿಡ್ರಿ. ಚಾ ಕುಡೀರಿ."

ಅವರು ಚಹಾ ಕುಡಿದು, ತಾಯಿಯೇ ಹೀಗಂದರೆ ಯಾರೇನು ಮಾಡಬೇಕೆಂದು ಮುಖ ಸಣ್ಣದು ಮಾಡಿಕೊಂಡು ಹೋದರು. ನಾನು ಹಿತ್ತಲಿಗೆ ಹೋಗಿ ಅತ್ತೆ. ಮರುದಿನ ಕಣ್ಣು ಬಿಡುವಷ್ಟರಲ್ಲಿ ಅವ್ವ ಜರಿಯ ಅಂಚಿನ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ಏಳs, ಮೊದಲನೇ ಬಸ್ ಹೊಕ್ಕೈತಿ. ಆ ಕಾಲೇಜು ನಿನ್ನ ತಗೋಳೂದಿಲ್ಲ, ಖರೇ. ಆದ್ರೂ ಹೋಗಿ ಕೇಳೂಣು ನಡಿ." ನನಗೆ ಆ ದಿನವಷ್ಟೇ ಅವ್ವನ ಭಾಷೆ ಪೂರ್ತಿ ತಿಳಿಯಿತು. ಅವಳು ಆಗೂದಿಲ್ಲ ಎಂದಳೆಂದರೆ ಕೈ ಹಾಕಿದ್ದಾಳೆ ಎಂದರ್ಥ.

ನಿಜಕ್ಕೂ ಆಗದ ಹೊಲಗಳೂ ಇದ್ದವು. ಗುಂಪಿನವರು ಯಾವ ಹೊಲಕ್ಕೆ ಹೋದರೂ ಮೊದಲು ಕೇಳುವುದು ಒಂದೇ: "ಎಷ್ಟು ಆಳ ಐತ್ರಿ?" ಅಪ್ಪ ಒಂದು ಕಡೆ ಅಗೆದು ನೋಡುತ್ತಿದ್ದ. ಬೇರು ಕೈಗೆ ಸಿಗದಷ್ಟು ಕೆಳಗೆ ಹೋಗಿದ್ದರೆ ಅವ್ವ ಏನೂ ಅನ್ನುತ್ತಿರಲಿಲ್ಲ. ಆಗುತ್ತದೆ ಎಂದೂ ಇಲ್ಲ, ಆಗೂದಿಲ್ಲ ಎಂದೂ ಇಲ್ಲ. ಸೆರಗಿನ ಮಣ್ಣು ಜಾಡಿಸಿಕೊಂಡು, ಬುಟ್ಟಿ ಎತ್ತಿಕೊಂಡು, ಬಂದ ದಾರಿಗೆ ತಿರುಗುತ್ತಿದ್ದಳು. ಸಾಲಿನವರೆಲ್ಲ ಅವಳ ಹಿಂದೆ.

ಕಾಲೇಜಿನ ಮಾತಿಗೆ ಬರುತ್ತೇನೆ. ರ‍್ಯಾಂಪಂಟ್ ಎಂಬ ಶಬ್ದ ನನಗೆ ಎದುರಾದದ್ದು ಅಲ್ಲಿ, ಎರಡನೇ ವರ್ಷದಲ್ಲಿ. ಇಂಗ್ಲಿಷ್ ಸರ್ ಅದನ್ನು ಹಲಗೆಯ ಮೇಲೆ ಬರೆದು ಎಲ್ಲರೂ ಸ್ವಂತ ವಾಕ್ಯ ಮಾಡಿರೆಂದರು. ಗೆಳತಿಯರೆಲ್ಲ ಲಂಚ, ಡೆಂಗ್ಯೂ, ಮೊಬೈಲು ಎಂದು ದೊಡ್ಡ ದೊಡ್ಡ ಊರಿನ ಸುದ್ದಿ ಬರೆದರು. ನಾನು, ನಮ್ಮ ಸೀಮೆಯ ಹೊಲಗಳಲ್ಲಿ ಕರಕಿ ರ‍್ಯಾಂಪಂಟ್ ಆಗಿದೆ ಎಂದು ಬರೆದೆ. ಕರಕಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಗೊತ್ತಿಲ್ಲದೆ ಕರಕಿ ಎಂದೇ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ದೆ. ಸರ್ ಓದಿದಾಗ ಕ್ಲಾಸಿಗೆ ಕ್ಲಾಸೇ ಘೊಳ್ ಎಂದು ನಕ್ಕಿತು.

"ನಗಬ್ಯಾಡ್ರಿ" ಎಂದರು ಸರ್. "ಈ ಶಬ್ದಕ್ಕ ಲಂಚ ಗೊತ್ತಾಗೂಕಿಂತ ಮೊದಲ ಬಳ್ಳಿ ಗೊತ್ತಿತ್ತು."

ಅವರು ಹೇಳಿದ್ದನ್ನು ಆಮೇಲೆ ಗ್ರಂಥಾಲಯದ ದಪ್ಪ ನಿಘಂಟಿನಲ್ಲೂ ಹುಡುಕಿ ನೋಡಿದೆ. ಹಳೆಯ ಫ್ರೆಂಚ್ ಭಾಷೆಯಲ್ಲಿ ಏರುವುದಕ್ಕೂ ತೆವಳುವುದಕ್ಕೂ ಇದ್ದ ಒಂದು ಮಾತಿನಿಂದ ಅದು ಬಂದಿತ್ತು. ಅಲ್ಲಿಂದ ರಾಜಮಹಾರಾಜರ ಗುರಾಣಿ ಏರಿತು. ಹಿಂಗಾಲ ಮೇಲೆ ಎದ್ದುನಿಂತು ಮುಂಗಾಲಿನ ಉಗುರು ಎತ್ತಿದ ಸಿಂಹಕ್ಕೆ ಇದೇ ಹೆಸರು. ಮೇಲೇರಿ ಬರುವ ಸಿಂಹದಿಂದ ಶಬ್ದಕ್ಕೆ ಸಿಟ್ಟು ಬಂತು, ಸಿಟ್ಟಿನಿಂದ ಅಂಕೆ ತಪ್ಪಿತು, ಅಂಕೆ ತಪ್ಪಿದ ಮೇಲೆ ರೋಗಕ್ಕೂ ಲಂಚಕ್ಕೂ ಕಳೆಗೂ ಎಲ್ಲದಕ್ಕೂ ಸಲ್ಲತೊಡಗಿತು. ಒಂದು ಶಬ್ದ ತೆವಳುತ್ತ ಹೊರಟು ಇಷ್ಟು ದೂರ ಹಬ್ಬಿದ್ದನ್ನು ಕಂಡು, ಇದೂ ನಮ್ಮ ಕಡೆಯದೇ ಬೇರು ಎನ್ನಿಸಿತು ನನಗೆ.

ನಿಘಂಟಿನಲ್ಲಿ ಆ ಸಿಂಹದ ಚಿತ್ರವಿತ್ತು. ನೋಡಿದರೆ ಥೇಟು ನಮ್ಮ ರಾಜೇಸಾಬ ಕಾಕಾ! ನಮ್ಮ ಹಾರಿಗಳ ಮೊನೆ ಹಣಿದುಕೊಡುವ ಕಮ್ಮಾರ. ಮೊಹರಂನಲ್ಲಿ ಹರಕೆಯ ಹುಲಿವೇಷ ಹಾಕಿ, ಹಲಗೆಯ ಬಡಿತಕ್ಕೆ ಹೀಗೇ ಎರಡು ಕೈಯ ಪಂಜ ಎತ್ತಿ ನಮ್ಮ ಮೇಲೆ ಏರಿ ಬರುತ್ತಿದ್ದ. ಊರಿಗೆ ಬಂದು ಕಾಕಾನಿಗೆ ಹೇಳಿದೆ.

"ಏನ್ ಬೇಟಿ, ನನ್ನ ಫೋಟೋ ಇಂಗ್ಲಿಷ್ ಬುಕ್ಕಿನ್ಯಾಗ ಹಾಕ್ಯಾರ?"

"ನಿಂದಲ್ಲ ಕಾಕಾ, ಸಿಂಹದ್ದು."

"ಸಿಂಹ ಚಲೋ ಬಿಡು. ಪಟ್ಟಿ ಬರಿಯೂದಿಲ್ಲ, ಬಣ್ಣಾ ಉಳಿತೈತಿ." ಆಮೇಲೆ ಅವ್ವನ ಕಡೆ ತಿರುಗಿ, "ಯಲ್ಲವ್ವ, ಬೇಟಿ ಇಂಗ್ಲಿಷ್ನ್ಯಾಗ ಹುಲಿ ಆಗ್ಯಾಳ. ಡಿಗ್ರಿ ಆದಂಗ ಲೆಕ್ಕ" ಎಂದ.

ಅವ್ವ ಕಿವಿ ಮುಚ್ಚಿಕೊಂಡಳು. "ಏ ರಾಜೇಸಾಬಣ್ಣ, ನಿನ್ನ ಬಾಯಾಗ ಹಾರಿ ಇಡ್ಲಿ! ಎಲ್ಲೀ ಡಿಗ್ರಿ? ಆಗೂದಿಲ್ಲ ಅದು, ಆಗೂದಿಲ್ಲ."

ಹೀಗೆ ಆಗೂದಿಲ್ಲ, ಆಗೂದಿಲ್ಲ ಎನ್ನುತ್ತ ಮೂರನೇ ವರ್ಷವೂ ಬಂತು. ನನಗೆ ಒಂದೇ ಒಂದು ಆಸೆಯಿತ್ತು. ನೌಕರಿಯದಲ್ಲ, ಊರವರ ಹೊಗಳಿಕೆಯದೂ ಅಲ್ಲ. ಅವ್ವ ಹೊಲ ಒಪ್ಪಿಸುವಾಗ ಸೆರಗು ಬಿಗಿದು ಹೇಳುವ ಆ 'ಆತ್ರಿ' ಎಂಬ ಮಾತನ್ನು ಒಮ್ಮೆ ನನ್ನ ಮೇಲೆ ಹೇಳಬೇಕು. ಅದಕ್ಕಾಗಿಯೇ ಓದಿದೆನೆಂದರೂ ಸುಳ್ಳಲ್ಲ. ಕೊನೆಯ ಪೇಪರು ಬರೆದು ಬಸ್ಸಿಳಿದು ಓಡುತ್ತ ಬಂದೆ.

"ಅವ್ವಾ, ಮುಗೀ..."

ಹಿಟ್ಟಿನ ಕೈಯಿಂದಲೇ ನನ್ನ ಬಾಯಿ ಮುಚ್ಚಿದಳು. "ಎಲ್ಲಿ ಮುಗೀತು? ನೋಡಾವ್ರು ಇನ್ನ ನೋಡಬೇಕಲ್ಲ?"

ರಿಸಲ್ಟು ಮೊಬೈಲಿನಲ್ಲಿ ಬಂತು. ಇಂಗ್ಲಿಷಿನಲ್ಲೇ ಹೆಚ್ಚು ಅಂಕ. ಅವಳ ಮುಖದೆದುರು ಹಿಡಿದೆ. ಅವಳು ಗಾಜಿನ ಮೇಲೆ ಬೆರಳಾಡಿಸಿ, "ಇದು ಒರಸಿದ್ರ ಹೊಕ್ಕೈತಿ. ಕೈಗೆ ಕೊಡೋ ಕಾಗದಾ ಎಲ್ಲೈತಿ?" ಎಂದಳು. ಸರ್ಟಿಫಿಕೇಟು ವಿಶ್ವವಿದ್ಯಾಲಯದಿಂದ ಬರಬೇಕು, ತಡವಾಗುತ್ತದೆ ಎಂದೆ. "ಮತ್ತ! ಒಪ್ಪಸೂತನಾ ಹೊಲಾ ಹೊಲಲ್ಲ" ಎಂದು ಎದ್ದು ಹೋದಳು. ಆದರೆ ಎದ್ದು ಹೋಗುವಾಗ ಗೋಡೆ ಹಿಡಿದದ್ದನ್ನು ನೋಡಿದೆ.

ಹೊಟ್ಟೆನೋವೆಂದು ಅವಳು ಹೇಳುತ್ತಿದ್ದಳು, ನಾವು ಬಿಸಿಲಿಗೆಂದು ತಿಳಿದಿದ್ದೆವು. ಊರ ದವಾಖಾನೆಯವರು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿರೆಂದರು. ಅಲ್ಲಿಯ ದೊಡ್ಡ ದವಾಖಾನೆಯಲ್ಲಿ ಮೆಟ್ಟಿಲಿನ ಪಕ್ಕಕ್ಕೆ ಗಾಲಿಕುರ್ಚಿ ಏರಿಸುವ ಇಳಿಜಾರು ದಾರಿಯಿತ್ತು. ರ‍್ಯಾಂಪ್ ಎಂದು ಬಾಣ ಬರೆದಿದ್ದರು. ಅಪ್ಪ ಗಾಲಿಕುರ್ಚಿ ನೂಕಿದ. ಅವ್ವ ಕುರ್ಚಿಯಲ್ಲಿ ಕೂತ ಸಾವಕಾರತಿಯಂತೆ, "ಹೊಳ್ಳಿ ಬರೂವಾಗ ಜ್ವಾಕಿ, ಜಾರಿ ಬಿಟ್ಟೀರಿ" ಎಂದು ನಗಿಸಿದಳು. ಆ ರ‍್ಯಾಂಪ್ ಎಂಬುದು ನಮ್ಮ ರ‍್ಯಾಂಪಂಟ್‌ಗೆ ಒಡಹುಟ್ಟಿದ ಮಾತು, ಎರಡೂ ಅದೇ ಏರುವ ಬೇರಿನವು. ಇದು ನನಗೆ ಗೊತ್ತಾದದ್ದು ಆಮೇಲೆ ಎಂ.ಎ. ಓದುವಾಗ. ಗೊತ್ತಾದ ದಿನ ಪುಸ್ತಕ ಮುಚ್ಚಿಟ್ಟು ಎದ್ದು ಹೋದೆ.

ತಪಾಸಣೆಗಳಾದವು. ಡಾಕ್ಟರರು ಒಳ್ಳೆಯವರೇ, ಅವಸರದವರೇನಲ್ಲ. ಪರದೆಯ ಮೇಲಿನ ಚಿತ್ರ ನೋಡುತ್ತ, ಪಕ್ಕದಲ್ಲಿದ್ದ ಕಿರಿಯ ಡಾಕ್ಟರಮ್ಮನಿಗೆ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರು. ನಮಗೆ ತಿಳಿಯಬಾರದೆಂದೇ ಇಂಗ್ಲಿಷಿನಲ್ಲಿ ಹೇಳಿದರೆಂದು ಕಾಣುತ್ತದೆ. ನಮ್ಮನ್ನು ನೋಡಿದ ಯಾರಿಗೂ ನಮ್ಮೊಳಗೊಬ್ಬಳಿಗೆ ಇಂಗ್ಲಿಷ್ ಬರುತ್ತದೆಂದು ಅನಿಸುವ ಹಾಗಿರಲಿಲ್ಲ. ಆ ಎರಡು ಮಾತಿನಲ್ಲಿ ಒಂದು ಕ್ಯಾನ್ಸರ್, ಇನ್ನೊಂದು ರ‍್ಯಾಂಪಂಟ್. ಹೊಟ್ಟೆಯಿಂದ ಯಕೃತ್ತಿಗೆ, ಅಲ್ಲಿಂದ ಬೆನ್ನಿಗೆ.

ನನ್ನ ಮುಖ ನೋಡಿ ಅಪ್ಪ ತಿಳಿದುಕೊಂಡ. "ಏನಂದ್ರವಾ ಗಂಗವ್ವಾ?"

ಮೂರು ವರ್ಷ ಓದಿದ ಇಂಗ್ಲಿಷ್ ಮನೆಯವರಿಗೆ ಉಪಯೋಗಕ್ಕೆ ಬಂದದ್ದು ಅಂದೇ ಮೊದಲು. ಅಂಕೆಯಿಲ್ಲದೆ ಹಬ್ಬಿದೆ ಎಂದು ಪುಸ್ತಕದ ಮಾತು ಹೇಳಬಹುದಿತ್ತು. ಅಪ್ಪನಿಗೆ ಅದು ತಿಳಿಯುತ್ತಿರಲಿಲ್ಲ. ತಿಳಿಯುವಂಥ ಮಾತು ನನ್ನಲ್ಲಿ ಒಂದೇ ಇತ್ತು.

"ಕರಕಿ ಆಗೇತಪಾ" ಎಂದೆ.

ಅಪ್ಪ ನಿಂತಲ್ಲೇ ಕುಕ್ಕರಗಾಲಲ್ಲಿ ಕೂತ. ಹಾರಿ ಹಿಡಿದು ಅಂಗೈ ಕಲ್ಲಾದ ಮನುಷ್ಯ, ದವಾಖಾನೆಯ ನುಣ್ಣನೆಯ ಫರಸಿಯ ಮೇಲೆ ಕೈಯೂರಿ ಕೂತ. ಡಾಕ್ಟರರಿಗೆ ನಾನೇನು ಹೇಳಿದೆನೆಂದು ತಿಳಿಯಲಿಲ್ಲ. ಅವ್ವ ಗಾಲಿಕುರ್ಚಿಯಲ್ಲಿ ಬಾಗಿಲ ಹತ್ತಿರವೇ ಇದ್ದಳು. ಕೇಳಿಸಿಕೊಂಡಿದ್ದಳು.

"ಎಷ್ಟು ಆಳ ಐತಂತ?" ಎಂದು ಕೇಳಿದಳು.

ಕೇಳಿದ ದನಿ ಯಾವುದೋ ಊರಿನ ಒಡ್ಡಿನ ಮೇಲೆ ನಿಂತು ಸಾವಕಾರರನ್ನು ಕೇಳಿದ ಹಾಗೇ ಇತ್ತು.

"ಭಾಳ ಆಳ ಐತವ್ವಾ."

ನಾನು ಅವಳ ಬಾಯನ್ನೇ ನೋಡಿದೆ. ಒಮ್ಮೆ, ಒಂದೇ ಒಂದು ಸಲ, "ಆಗೂದಿಲ್ಲ ತಗೀ" ಅನ್ನಲಿ ಎಂದು ಕಾದೆ. ಅಂದಿದ್ದರೆ ನಾನು ಎದ್ದು ಕುಣಿಯುತ್ತಿದ್ದೆ. ಹುಬ್ಬಳ್ಳಿ ಬಿಟ್ಟು ಇನ್ನೆಲ್ಲಿಗೆ ಬೇಕಾದರೂ ಅವಳನ್ನು ಹೊತ್ತು ಒಯ್ಯುತ್ತಿದ್ದೆ. ಅವಳು ಏನೂ ಅನ್ನಲಿಲ್ಲ. ತೊಡೆಯ ಮೇಲಿನ ಸೆರಗನ್ನು, ಮಣ್ಣಿಲ್ಲದಿದ್ದರೂ, ಎರಡು ಸಲ ಜಾಡಿಸಿಕೊಂಡಳು. ಅಪ್ಪನ ಕಡೆ ನೋಡಿ, "ಏಳ್ರಿ, ಬಸ್ಸಿಗೆ ಹೊತ್ತಾತು" ಎಂದಳು.

ಊರಿಗೆ ಬಂದ ಮೇಲೆ ಕಟ್ಟೆಯ ಹತ್ತಿರದ ನುಲಿ ಹೊರಸಿನ ಮೇಲೆ ಅವಳ ಬಿಡಾರವಾಯಿತು. ರಾಜೇಸಾಬ ಕಾಕಾ ದಿನಾ ಬಂದು ಎದುರು ಕೂರುತ್ತಿದ್ದ. ಟ್ರ್ಯಾಕ್ಟರಿನ ದೊಡ್ಡ ನೇಗಿಲು, ಡಬ್ಬಿಯ ಕಳೆ ಔಷಧ ಬಂದ ಮೇಲೆ ಗುಂಪನ್ನು ಕರೆಯುವವರು ಕಡಿಮೆಯಾಗಿದ್ದರು, ಅವನ ತಿದಿಗೂ ಕೆಲಸವಿರಲಿಲ್ಲ. ಇಬ್ಬರೂ ಹಳೆಯ ಹೊಲಗಳನ್ನು ಒಂದೊಂದಾಗಿ ನೆನೆಯುತ್ತಿದ್ದರು. ಹೊಳೆಆಲೂರಿನ ಹೊಲ, ಕೊಣ್ಣೂರಿನ ಹೊಲ, ಒಪ್ಪಿಸಿದ ಮರುವರ್ಷವೇ ಮಲಪ್ರಭೆ ಏರಿ ಬಂದು ಮತ್ತೆ ಕರಕಿ ತಂದು ಸುರಿದ ಹೊಲ. ತನ್ನ ಬೇನೆಯ ಬಗ್ಗೆ ಅವ್ವ ಆಗುತ್ತದೆ, ಆಗೂದಿಲ್ಲ ಎಂಬ ಮಾತನ್ನೇ ಎತ್ತಲಿಲ್ಲ. ಆದರೆ ನಾನು ನರಗುಂದಕ್ಕೆ ಹೋಗಿ ಬಂದಾಗಲೆಲ್ಲ ತಲೆ ಎತ್ತುತ್ತಿದ್ದಳು.

"ಬಂತೇನ ಆ ಕಾಗದಾ?"

"ಇಲ್ಲವ್ವಾ. ಬರೂ ತಿಂಗಳಂತ."

"ಎಲ್ಲಿ ಬರತೈತಿ. ಬರೂದಿಲ್ಲ ಅದು. ಆಗೂದಿಲ್ಲ ತಗೀ." ಹೇಳುವಾಗ ಒಣಗಿದ ಮುಖದಲ್ಲಿ ಕಣ್ಣೆರಡೇ ನಗುತ್ತಿದ್ದವು.

ಆ ಮಾತು ಕೇಳಿ ನನಗೆ ಸಮಾಧಾನವಾಗುತ್ತಿತ್ತು. ಅವಳು ತನ್ನ ಹೊಲ ಬಿಟ್ಟಿದ್ದಳು, ನನ್ನದನ್ನು ಬಿಟ್ಟಿರಲಿಲ್ಲ.

ಕಾಗದ ಬರುವ ಮೊದಲೇ ಅವಳು ಹೋದಳು. ಒಂದು ಮುಂಜಾನೆ, ಚಹಾ ತರುತ್ತೇನೆಂದು ಒಳಗೆ ಹೋದ ನಾನು ಹೊರಗೆ ಬರುವಷ್ಟರಲ್ಲಿ.

ನಮ್ಮಲ್ಲಿ ಮಣ್ಣು ಮಾಡುತ್ತಾರೆ. ಊರ ಹೊರಗಿನ ಎರೆಯಲ್ಲಿ ಕುಣಿ ತೋಡಿದರು. ರಾಜೇಸಾಬ ಕಾಕಾನೇ ಹೊಸದಾಗಿ ಮೊನೆ ಹಣಿದ ಹಾರಿ ತಂದಿದ್ದ. ತೋಡಿ ಮುಗಿದ ಮೇಲೆ ಅಪ್ಪ ಒಳಗೆ ಬಗ್ಗಿ ನೋಡಿದ. ಕುಣಿಯ ಪಕ್ಕದ ಗೋಡೆಯಲ್ಲಿ ಬಿಳಿ ಬೇರುಗಳು ಇಣುಕುತ್ತಿದ್ದವು. ಯಾರಾದರೂ ತಡೆಯುವ ಮೊದಲೇ ಇಳಿದುಬಿಟ್ಟ. ಇಳಿದವ ಬೆರಳಿನಿಂದ ಒಂದೊಂದೇ ಬೇರು ಬಿಡಿಸತೊಡಗಿದ. "ಫಕೀರಪ್ಪಾ, ಹೊತ್ತಾಕ್ಕೈತಿ, ಮ್ಯಾಲ ಬಾ" ಎಂದರು ಹಿರಿಯರು. "ಬಂದೆ. ಇನ್ನ ಆಗಿಲ್ಲ" ಎನ್ನುತ್ತಲೇ ಇದ್ದ. ಕೊನೆಗೆ ಕಾಕಾ ಇಳಿದು, ಅಪ್ಪನ ಪಕ್ಕಕ್ಕೆ ಕೂತು ತಾನೂ ಬೇರು ಬಿಡಿಸಿದ. ಇಬ್ಬರೂ ಸೇರಿ ಮಾಡಿದ್ದರಿಂದ ಬೇಗ ಆಯಿತು. ಕೊಡಲು ಸಾವಕಾರರಿಲ್ಲದ ಹೊಲವನ್ನು ಅಷ್ಟು ಚೊಕ್ಕ ಮಾಡಿದ್ದನ್ನು ನಾನು ಮತ್ತೆಲ್ಲೂ ನೋಡಲಿಲ್ಲ.

ಮಳೆಗಾಲ ಹೋಗಿ ಚಳಿ ಬಂತು. ಕಾಲೇಜಿನಿಂದ ಫೋನು ಬಂತು. ಸರ್ಟಿಫಿಕೇಟು ಕೊಟ್ಟ ಗುಮಾಸ್ತರು, "ಪೆಢೆ ಎಲ್ಲೆವ್ರಿ?" ಎಂದು ಚೇಷ್ಟೆ ಮಾಡಿದರು. ನನ್ನ ಮುಖ ನೋಡಿ ರಿಜಿಸ್ಟರನ್ನು ಸಹಿಗೆ ಸರಿಸಿದರು. ದಪ್ಪ ಕಾಗದ, ಮೂಲೆಯಲ್ಲಿ ಹೊಳೆಯುವ ಮುದ್ರೆ. ಬಸ್ಸಿನಲ್ಲಿ ಮಡಿಚಬಾರದೆಂದು ಎರಡೂ ಅಂಗೈಯಲ್ಲಿ ಹಿಡಿದು ಕೂತೆ. ಕಂಡಕ್ಟರು ಟಿಕೆಟ್ಟಿಗೆ ಕೈ ಚಾಚಿದಾಗ, ಯಾವ ಕೈ ಬಿಡಬೇಕೆಂದು ತಿಳಿಯದೆ ಪಕ್ಕದ ಹೆಂಗಸಿನ ಕೈಗೆ ಡಿಗ್ರಿ ಕೊಟ್ಟೆ. ಅಷ್ಟು ಶಾಣ್ಯಾ ನಾನು.

ಅಪ್ಪ ಮನೆಯಲ್ಲಿರಲಿಲ್ಲ. ಎಲ್ಲಿರುತ್ತಾನೆಂದು ಕೇಳಬೇಕಾಗಿರಲಿಲ್ಲ. ಹೋಗಿ ನೋಡಿದರೆ, ಸುತ್ತಲಿನ ಎರೆಯೆಲ್ಲ ಕರ್ರಗೆ ಒಣಗಿ ನಿಂತಿದೆ. ಅವ್ವನ ಮಣ್ಣಿನ ಮೇಲೆ ಮಾತ್ರ ಒಂದು ಗೇಣು ಕರಕಿ. ತಲೆಯ ಕಡೆಯಿಂದ ಕಾಲಿನ ತನಕ, ಅಲ್ಲಿಂದ ಅಂಚು ದಾಟಿ ದಾರಿಯ ಕಡೆಗೂ ಹಬ್ಬಿದೆ. ರ‍್ಯಾಂಪಂಟ್. ಅದರ ಪಕ್ಕದಲ್ಲಿ ಅಪ್ಪ ಕೂತಿದ್ದಾನೆ. ಕೈಯಲ್ಲಿ ಹಾರಿಯಿಲ್ಲ, ತಂಬಿಗೆಯಿದೆ. ನೀರು ಹಾಕುತ್ತಿದ್ದಾನೆ!

"ಏನಪಾ ಇದು? ಊರಾನ ಹೊಲದ್ದೆಲ್ಲಾ ತಗದಾಂವ ನೀ, ಇದನ್ನ ಯಾಕ ಬಿಟ್ಟಿ?"

ಅಪ್ಪ ನನ್ನ ಕಡೆ ನೋಡದೆ ಅಂದ: "ಇರ್ಲಿ ಬಿಡವಾ. ಆಕಿಗೆ ಖಾಲಿ ಕುಂತು ರೂಢಿ ಇಲ್ಲ. ಆರಸಾಕ ಏನರ ಬೇಕಲ್ಲ."

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಸರ್ಟಿಫಿಕೇಟು ಚಾಚಿದೆ. ಅಪ್ಪ ತಂಬಿಗೆ ಕೆಳಗಿಟ್ಟ. ಧೋತರಕ್ಕೆ ಕೈ ಒರಸಿಕೊಂಡ, ಸಾಲದೆಂದು ಮತ್ತೊಮ್ಮೆ ಒರಸಿಕೊಂಡು ಎರಡೂ ಕೈಯಿಂದ ತೆಗೆದುಕೊಂಡ. ಓದಲು ಬರುವುದಿಲ್ಲ. ಮೇಲೆ ಕೆಳಗೆ ನೋಡಿದ. ಮುದ್ರೆಯನ್ನು ಹೆಬ್ಬೆರಳಿನಿಂದ ಮುಟ್ಟಿದ. ಹಿಂದುಗಡೆ ಏನೂ ಬರೆದಿಲ್ಲದ್ದನ್ನೂ ನೋಡಿದ.

"ಇದ ಏನ, ಕೈಗೆ ಕೊಡೋ ಕಾಗದಾ?"

"ಹೌದಪಾ. ಇದ."

ಅಪ್ಪ ಎದ್ದು ನಿಂತ. ಹೆಗಲ ಮೇಲಿನ ಟವೆಲ್ಲನ್ನು ಅವ್ವ ಸೆರಗು ಬಿಗಿಯುತ್ತಿದ್ದ ಹಾಗೆ ಸೊಂಟಕ್ಕೆ ಬಿಗಿದ. ಹಾರಿಯ ಸಾಲಿನವನಾದ್ದರಿಂದ ಆ ಮಾತು ಅವನ ಬಾಯಿಂದ ಎಂದೂ ಬಂದಿರಲಿಲ್ಲ, ಅದು ಹಿಂದಿನ ಸಾಲಿನವಳ ಮಾತು. ಕಾಗದವನ್ನು ಕರಕಿಯ ಕಡೆಗೆ ತಿರುಗಿಸಿ ಹಿಡಿದು, ದೂರದ ಒಡ್ಡಿನ ಮೇಲೆ ನಿಂತವರಿಗೂ ಕೇಳುವಂತೆ ಹೇಳಿದ:

"ಆತ್ರಿ ಸಾವಕಾರ್ರ. ಎಲ್ಲಿ ಬೇಕಲ್ಲಿ ಅಗದು ನೋಡ್ರಿ."